ಮೂತಿಹುಳುಗಳ ಪೆಟ್ಟಿಗೆ

ಹುಳುಗಳ ಚಿತ್ರ ಬರೆಯುವ ಕೆಲಸ ನನಗೆ ಸಿಕ್ಕಿದ್ದು ಇಪ್ಪತ್ತೆರಡನೇ ವಯಸ್ಸಿನಲ್ಲಿ. ತೊಂಬತ್ತರ ದಶಕದ ಮೊದಲ ವರ್ಷಗಳು. ಡ್ರಾಯಿಂಗ್ ಡಿಪ್ಲೊಮಾ ಮುಗಿಸಿ, ಶ್ರೀರಾಂಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು, ಮದುವೆ ಛತ್ರಗಳಿಗೆ ಥರ್ಮೋಕೋಲಿನಲ್ಲಿ ಹುಡುಗ ಹುಡುಗಿಯ ಹೆಸರು ಕತ್ತರಿಸಿ ಕೊಡುತ್ತಿದ್ದೆ. ನಮ್ಮಪ್ಪ ಮಿಲ್ಲಿನಲ್ಲಿ ನೇಯ್ಗೆ ಖಾತೆಯವರು. ಮಗಳು ಬಣ್ಣ ಬ್ರಷ್ಷು ಹಿಡಿದು ಏನು ಮಾಡುತ್ತಾಳೆ ಎಂಬುದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಒಂದು ದಿನ ನನ್ನ ಹಳೆಯ ಡ್ರಾಯಿಂಗ್ ಮೇಷ್ಟ್ರು ಬಂದು, "ಮಲ್ಲೇಶ್ವರದಲ್ಲಿ ಒಬ್ರು ರಿಟೈರ್ಡ್ ಆಫೀಸರ್ ಇದಾರೆ. ಹುಳದ ಮೇಲೆ ಪುಸ್ತಕ ಬರೀತಿದಾರಂತೆ. ಚುಕ್ಕಿ ಇಟ್ಟು ಚಿತ್ರ ಬರೆಯೋರು ಬೇಕಂತೆ. ನಿಂಗೆ ತಾಳ್ಮೆ ಇದೆ, ಹೋಗಿ ನೋಡು" ಎಂದರು.

ಮರುದಿನ ರೈಲು ಕಂಬಿ ದಾಟಿ ಹೋದೆ. ವೈಯಾಲಿಕಾವಲ್ ಕಡೆಗೆ ತಿರುಗುವ ಒಂದು ಅಡ್ಡರಸ್ತೆಯಲ್ಲಿ ಮನೆ. ಕೆಳಗೆ ಮಾಲೀಕರು, ಮೇಲೆ ಇವರದು ಬಾಡಿಗೆ ಭಾಗ. ಗಂಡ ಹೆಂಡತಿ ಇಬ್ಬರೇ. ಆಫೀಸರಿಗೆ ಅರವತ್ತೈದರ ಆಸುಪಾಸು. ತೆಳ್ಳಗೆ, ಬೆಳ್ಳಗೆ, ಮನೆಯಲ್ಲೂ ಇಸ್ತ್ರಿ ಮಾಡಿದ ಅಂಗಿ. ದನಿ ಎಷ್ಟು ಮೆತ್ತಗೆ ಎಂದರೆ ಬಗ್ಗಿ ಕೇಳಿಸಿಕೊಳ್ಳಬೇಕಿತ್ತು. ನನ್ನ ಚಿತ್ರಗಳ ಕಟ್ಟನ್ನು ಬಿಚ್ಚಲೂ ಇಲ್ಲ.

"ನಿಂಗೆ ಎಣಿಸೋಕೆ ಬರುತ್ತಾ?" ಎಂದು ಕೇಳಿದರು.

"ಬರುತ್ತೆ ಸರ್."

"ಎಷ್ಟೋ ಜನಕ್ಕೆ ಬರಲ್ಲ. ಬರುತ್ತೆ ಅಂದ್ಕೊಂಡಿರ್ತಾರೆ."

ಎರಡು ಮರದ ಬೀರುಗಳ ತುಂಬ ಗಾಜಿನ ಮುಚ್ಚಳದ ಪೆಟ್ಟಿಗೆಗಳಿದ್ದವು. ಅದರಲ್ಲಿ ಒಂದನ್ನು ತೆಗೆದು ಮೇಜಿನ ಮೇಲಿಟ್ಟರು. ಕಪ್ಪುಗಂದು ಬಣ್ಣದ, ಎಣ್ಣೆ ಉಜ್ಜಿದ ಕಡ್ಡಿಗಳಂಥ ಹುಳುಗಳು, ಒಂದೊಂದಕ್ಕೂ ಒಂದು ಸೂಜಿ, ಸೂಜಿಯ ಕೆಳಗೆ ಚೀಟಿ. ದೊಡ್ಡವು ನನ್ನ ಹೆಬ್ಬೆರಳಿಗಿಂತ ಉದ್ದ. ಅದರಲ್ಲಿ ಅರ್ಧದಷ್ಟು ಮೂತಿಯೇ. ಆನೆ ಸೊಂಡಿಲಿನ ಹಾಗೆ ಬಾಗಿದ್ದಲ್ಲ, ಅಳತೆಪಟ್ಟಿ ಹಿಡಿದು ಗೆರೆ ಎಳೆದ ಹಾಗೆ ನೆಟ್ಟಗೆ ಮುಂದಕ್ಕೆ ಚಾಚಿದ ಮೂತಿ. ಬೆನ್ನಿನ ಮೇಲೆ ಹಳದಿ ಗೀರುಗಳು. ಅಂಡಮಾನಿನ ಕಾಡಿನಲ್ಲಿ, ಕಡಿದುರುಳಿಸಿದ ಮರದ ತೊಗಟೆಯ ಕೆಳಗಿಂದ ತಾವೇ ಹಿಡಿದು ತಂದದ್ದು ಎಂದರು. ಸರ್ಕಾರಿ ಕೆಲಸದ ಮೇಲೆ ಮೂರು ವರ್ಷ ಅಲ್ಲಿದ್ದರಂತೆ, ಮೂವತ್ತು ವರ್ಷದ ಹಿಂದೆ.

ಹುಳುವಿನ ಕತೆ ಹೇಳುವಾಗ ಮಾತ್ರ ಅವರ ಮುಖ ಅರಳುತ್ತಿತ್ತು. ಹೆಣ್ಣಿನ ಮೂತಿ ಸಣ್ಣ, ದಾರದಷ್ಟು ತೆಳು. ಮೊಟ್ಟೆ ಇಡಲು ಅದು ಆ ಮೂತಿಯಿಂದ ಮರ ಕೊರೆಯುತ್ತದೆ. ಗಂಡು ಅದರ ಮೇಲೆ ನಿಂತು ಕಾಯುತ್ತದೆ. ಇನ್ನೊಂದು ಗಂಡು ಬಂದರೆ ಎರಡೂ ಮೂತಿಗೆ ಮೂತಿ ಕೊಟ್ಟು ತಳ್ಳಾಡುತ್ತವೆ. ಗಂಡುಗಳಲ್ಲೇ ಒಂದು ಇನ್ನೊಂದರ ಮೂರು ಪಟ್ಟು ಇರುತ್ತದೆ. ದೊಡ್ಡವೆರಡು ಜಗಳದಲ್ಲಿದ್ದಾಗ ಚಿಕ್ಕದೊಂದು ಮೆಲ್ಲಗೆ ಹೆಣ್ಣಿನ ಹತ್ತಿರ ನುಸುಳುತ್ತದೆ. "ನಾನು ಎರಡು ಗಂಡು ತಂದು ಹಲಗೆ ಮೇಲೆ ಬಿಟ್ಟು ಜಗಳ ಹಚ್ತಿದ್ದೆ. ಗೆದ್ದಿದ್ದನ್ನ ಆಮೇಲೆ ಸೂಜಿಗೆ ಹಾಕ್ತಿದ್ದೆ. ಒಂದಂತೂ ಚುಚ್ಚಿ ಮೂರು ದಿನ ಆದ್ರೂ ಕಾಲಾಡಿಸ್ತಿತ್ತು. ಅಷ್ಟು ಗಟ್ಟಿ ಪ್ರಾಣಿ!" ಎಂದು ನಕ್ಕರು.

ನಾನು ವಾರಕ್ಕೆ ಐದು ದಿನ, ಬೆಳಗ್ಗೆ ಹತ್ತರಿಂದ ಹೋಗುತ್ತಿದ್ದೆ. ಭೂತಗನ್ನಡಿಯಲ್ಲಿ ನೋಡಿ, ಪೆನ್ಸಿಲಿನಲ್ಲಿ ಬರೆದು, ಆಮೇಲೆ ಸೂಜಿಮೊನೆಯ ಪೆನ್ನಿನಿಂದ ಕಪ್ಪು ಮಸಿಯ ಚುಕ್ಕಿಗಳನ್ನು ಇಡುವುದು. ಒಂದು ಚಿತ್ರಕ್ಕೆ ಎಂಟು ಹತ್ತು ದಿನ ಹಿಡಿಯುತ್ತಿತ್ತು. ಮೊದಲ ಚಿತ್ರ ಮುಗಿಸಿ ಕೊಟ್ಟಾಗ ಅವರು ಬಹಳ ಹೊತ್ತು ನೋಡಿದರು.

"ಮೀಸೇಲಿ ಎಷ್ಟು ಗೆಣ್ಣಿದೆ?"

ಎಣಿಸಿದೆ. "ಹತ್ತು ಸರ್."

"ಹುಳದಲ್ಲಿ?"

ಹುಳವನ್ನು ನೋಡಿ ಎಣಿಸಿದೆ. ಹನ್ನೊಂದಿತ್ತು.

ಅವರು ಬೈಯಲಿಲ್ಲ. ಕಾಗದವನ್ನು ಉದ್ದಕ್ಕೆ ಎರಡಾಗಿ ಹರಿದು, ಆ ಎರಡನ್ನು ಜೋಡಿಸಿ ಮತ್ತೆ ಹರಿದು, ನನ್ನ ಕೈಗೆ ಕೊಟ್ಟು, "ಹೊರಗೆ ಬುಟ್ಟಿ ಇದೆ" ಎಂದರು. ಹತ್ತು ದಿನದ ಕೆಲಸ. ಆ ವರ್ಷ ಹಾಗೆ ನಾಲ್ಕು ಸಲ ಹರಿದರು. ಪ್ರತಿ ಸಲವೂ ತಪ್ಪು ನನ್ನದೇ, ಅದಕ್ಕೇ ಇನ್ನೂ ಉರಿಯುತ್ತಿತ್ತು. ಮನೆಗೆ ಹೋಗುವಾಗ ರೈಲು ಕಂಬಿಯ ಹತ್ತಿರ ನಿಂತು ಅತ್ತಿದ್ದೇನೆ.

ಅವರ ಹೆಂಡತಿಯನ್ನು ನಾನು ಅಮ್ಮ ಎನ್ನುತ್ತಿದ್ದೆ. ಗುಂಡು ಮುಖದ, ಕುಳ್ಳಗಿನ ಹೆಂಗಸು. ನನಗೆ ಕಾಫಿ ಕೊಡುತ್ತಿದ್ದ ಲೋಟ ಬೇರೆ. ತೊಳೆದು ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ನಾನೇ ಬೋರಲು ಹಾಕಬೇಕಿತ್ತು. ಆದರೂ ಅದರಲ್ಲಿ ಕೊಡುತ್ತಿದ್ದ ಕಾಫಿ ಗಂಡನಿಗೆ ಕೊಟ್ಟದ್ದೇ, ಒಂದು ಹನಿ ನೀರೂ ಹೆಚ್ಚಿರುತ್ತಿರಲಿಲ್ಲ. ಗಂಡನಿಗೆ ಆ ಕಾಫಿ ಯಾವತ್ತೂ ಸರಿಯಾದದ್ದಿಲ್ಲ. ಒಂದು ಗುಟುಕು ಕುಡಿದು, ಲೋಟವನ್ನು ಬಾಲ್ಕನಿಯ ತುಳಸಿಯ ಪಕ್ಕದ ಕುಂಡಕ್ಕೆ ಬಗ್ಗಿಸಿ, "ಇನ್ನೊಂದ್ಸಲ" ಎನ್ನುತ್ತಿದ್ದರು. ಆಕೆ ಇನ್ನೊಂದು ಸಲ ಮಾಡುತ್ತಿದ್ದರು. ಅದನ್ನೂ ಚೆಲ್ಲಿದರೆ ಮೂರನೆಯದು. ಒಮ್ಮೆ ನನ್ನೆದುರಿಗೇ, "ಇವಳಿಗೆ ಕಾಲೇಜು ಓದ್ಸಿದಾರೆ ಕಣಮ್ಮ, ನಂಬ್ತೀಯಾ? ಹುಳಕ್ಕೂ ಇದಕ್ಕಿಂತ ಬುದ್ಧಿ ಇರುತ್ತೆ" ಎಂದರು. ಆಕೆ ಲೋಟ ತೆಗೆದುಕೊಂಡು ಒಳಗೆ ಹೋದರು. ಮುಖದಲ್ಲಿ ಏನೂ ಇರಲಿಲ್ಲ.

ಪೆಟ್ಟಿಗೆಗಳನ್ನು ಕಾಪಾಡುವುದು ಆಕೆಯ ಕೆಲಸ. ಒಣಗಿದ ಹುಳುಗಳನ್ನು ತಿನ್ನುವ ಬೇರೆ ಹುಳುಗಳಿರುತ್ತವೆ. ಸಾಸಿವೆಯಷ್ಟು ಗಾತ್ರದ, ಮೈಮೇಲೆ ಕೂದಲಿರುವ ಮರಿಗಳು. ಅವು ಬರದಿರಲೆಂದು ಪ್ರತಿ ಪೆಟ್ಟಿಗೆಯ ಮೂಲೆಗೂ ನುಸಿಗುಳಿಗೆ ಇಡಬೇಕು, ಕರಗಿದ ಹಾಗೆ ಬದಲಾಯಿಸಬೇಕು. ಮೂವತ್ತು ವರ್ಷ ಆಕೆ ಅದನ್ನು ತಪ್ಪದೆ ಮಾಡಿದ್ದರು. ಆ ಮನೆಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುತ್ತಿದ್ದುದೇ ಆ ಗುಳಿಗೆಯ ವಾಸನೆ.

ನಾನು ಹೋಗಲು ಶುರುಮಾಡಿ ಒಂದು ವರ್ಷವಾಗಿರಬಹುದು, ಅವರ ಕಣ್ಣು ಮಂಜಾಗತೊಡಗಿತು. ಎರಡೂ ಕಣ್ಣಿಗೆ ಪೊರೆ. ಡಾಕ್ಟರು ಇನ್ನೂ ಹಣ್ಣಾಗಲಿ ಎಂದರಂತೆ. ಆಮೇಲೆ ಹಣ್ಣಾಯಿತು ಎಂದಾಗ ಇವರು ಹೆದರಿಕೊಂಡರು. ಕಣ್ಣಿಗೆ ಕತ್ತಿ ತಾಗಿಸಲು ಬಿಡುವುದಿಲ್ಲ ಎಂದು ಹಟ ಹಿಡಿದರು. ಆರು ತಿಂಗಳಲ್ಲಿ ಅವರಿಗೆ ಬೆಳಕು, ನೆರಳು, ಎದುರಿಗಿರುವವರ ಆಕಾರ ಇಷ್ಟೇ ಕಾಣುತ್ತಿತ್ತು. ನನ್ನ ಪಕ್ಕ ಕುರ್ಚಿ ಹಾಕಿಕೊಂಡು, ನಾನು ಏನು ಬರೆಯುತ್ತಿದ್ದೇನೆಂದು ಕೇಳುತ್ತಾ ಕೂರುತ್ತಿದ್ದರು.

ಒಂದು ಬೆಳಗ್ಗೆ ಪೆಟ್ಟಿಗೆ ತೆಗೆದಾಗ ಒಂದು ಹುಳದ ಕೆಳಗೆ ಕಾಫಿಪುಡಿಯಂಥ ಪುಡಿ ಬಿದ್ದಿತ್ತು. ಅದನ್ನು ಭೂತಗನ್ನಡಿಯಲ್ಲಿ ನೋಡಿದೆ. ಹುಳದ ಹೊಟ್ಟೆ ಟೊಳ್ಳಾಗಿತ್ತು. ಮೂಲೆಗಳಲ್ಲಿ ಗುಳಿಗೆ ಇರಲಿಲ್ಲ. ಸರ್ ಬಚ್ಚಲಿಗೆ ಹೋದ ಹೊತ್ತು ನೋಡಿ ಅಡುಗೆಮನೆಗೆ ಓಡಿದೆ.

"ಅಮ್ಮ, ಪೆಟ್ಟಿಗೇಲಿ ಹುಳ ಬಿದ್ದಿದೆ. ಗುಳಿಗೆ ಖಾಲಿ ಆಗಿದೆ."

ಆಕೆ ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದರು. ಕೈ ನಿಲ್ಲಲಿಲ್ಲ. "ಗೊತ್ತು" ಎಂದರು. "ಅವ್ರಿಗೆ ಹೇಳ್ಬೇಡ."

"ವಾಸನೆ ಬರ್ತಾನೇ ಇದೆಯಲ್ಲಮ್ಮ?"

"ಗುಳಿಗೆ ಬೀರು ಮೇಲಿಟ್ಟಿದೀನಿ. ಪೆಟ್ಟಿಗೇಲಿ ಇಟ್ಟಿಲ್ಲ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಕೆ ಒಂದು ಕಾಳನ್ನು ಬೆರಳಲ್ಲಿ ಒತ್ತಿ, ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ ಹಾಕಿ, ಇವತ್ತಿನ ಹವಾ ಹೇಗಿದೆ ಎನ್ನುವಷ್ಟು ಸಲೀಸಾಗಿ ಹೇಳಿದರು. ಮೊದಲು ಒಂದೇ ಪೆಟ್ಟಿಗೆಗೆ ಬಿದ್ದಿತ್ತಂತೆ. ಅದರಿಂದ ಮರಿಗಳನ್ನು ಹೇರ್‌ಪಿನ್ನಿನ ತುದಿಯಲ್ಲಿ ಎತ್ತಿ, ಒಂದೊಂದು ಪೆಟ್ಟಿಗೆಗೂ ಎರಡೆರಡು, ತಾವೇ ಬಿಟ್ಟರಂತೆ.

"ಯಾಕಮ್ಮ?"

ಆಗ ಕೈ ನಿಂತಿತು. ಗಂಡ ಅಂಡಮಾನಿಗೆ ಹೋದಾಗ ಅವರಿಗೆ ಎಂಟು ತಿಂಗಳ ಒಂದು ಹೆಣ್ಣು ಮಗುವಿತ್ತು. ಆಕೆ ಇಲ್ಲಿಂದ ವಾರಕ್ಕೊಂದು ಇನ್‌ಲ್ಯಾಂಡ್ ಲೆಟರ್ ಬರೆಯುತ್ತಿದ್ದರು. ಅದು ಮದರಾಸಿನಿಂದ ಹಡಗಿನಲ್ಲಿ ಹೋಗಬೇಕು. ಮಗುವಿಗೆ ಜ್ವರ ಬಂತು, ಬಿಡಲಿಲ್ಲ. ಅದನ್ನೂ ಬರೆದರು. ಮಗು ಹೋಯಿತು. ಟೆಲಿಗ್ರಾಂ ಕೊಟ್ಟರು. ಆತ ಬಂದದ್ದು ಕೆಲಸ ಮುಗಿದ ಮೇಲೆ, ಒಂದು ವರ್ಷ ಕಳೆದು. ಬಂದವರು ಟ್ರಂಕಿನಿಂದ ಪೊಟ್ಟಣಗಳನ್ನು ತೆಗೆದು, ಹುಳುಗಳನ್ನು ಬಿಡಿಸಿ ಕೊಡು ಎಂದು ಆಕೆಯ ಮುಂದೆ ಸುರಿದರು. ಹುಳುಗಳನ್ನು ತ್ರಿಕೋನಕ್ಕೆ ಮಡಿಸಿದ ಕಾಗದದಲ್ಲಿ ಕಟ್ಟುವುದು ರೂಢಿ.

"ಎಲ್ಲಾ ನನ್ನ ಕಾಗದ. ಕತ್ರೀಲಿ ಕತ್ತರ್ಸಿದ್ರು. ಜ್ವರ ಜಾಸ್ತಿ ಆಗಿದೆ ಬೇಗ ಬನ್ನಿ ಅಂತ ಬರ್ದಿದ್ನಲ್ಲ, ಅದರೊಳಗೆ ಒಂದು ದೊಡ್ಡ ಗಂಡು ಇತ್ತು. ನನ್ನ ಅಕ್ಷರದ ಮೇಲೆ ಪೆನ್ಸಿಲಲ್ಲಿ ಯಾವ ಕಾಡು, ಯಾವ ಮರ ಅಂತ ಬರ್ಕೊಂಡಿದ್ರು. ಯಾಕ್ರೀ ಹೀಗೆ ಮಾಡಿದ್ರಿ ಅಂದ್ರೆ, ಅಲ್ಲಿ ಕಾಗದ ಸಿಗ್ತಿರ್ಲಿಲ್ಲ ಕಣೆ ಅಂದ್ರು."

ಇಷ್ಟು ಹೇಳಿ ಮತ್ತೆ ಅವರೆಕಾಳಿಗೆ ಕೈ ಹಾಕಿದರು.

ನಾನು ಆಕೆಯ ಮೇಲಿನ ಕನಿಕರದಿಂದ ಸುಮ್ಮನಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ನಾಲ್ಕು ಚಿತ್ರಗಳನ್ನು ಹರಿದ ಆ ಕೈಗಳು ನೆನಪಾದವು. ಆಗಲಿ ಎನಿಸಿತು. ಅದರಲ್ಲಿ ಸುಖವಿತ್ತು.

ಅಲ್ಲಿಂದ ಮೂರ್ನಾಲ್ಕು ತಿಂಗಳು ನಾನು ಇಲ್ಲದ ಹುಳುಗಳ ಚಿತ್ರ ಬರೆದೆ. ವಾರವಾರಕ್ಕೂ ಒಂದೊಂದು ಕಾಲು, ಒಂದೊಂದು ರೆಕ್ಕೆ ಉದುರಿ ಪುಡಿಯಾಗುತ್ತಿತ್ತು. ಅವರ ಹಳೆಯ ನೋಟ್‌ಬುಕ್ಕಿನ ಪೆನ್ಸಿಲ್ ಗುರುತುಗಳನ್ನು ನೋಡಿ, ನೆನಪಿನಿಂದ, ಕೊನೆಗೆ ಕಲ್ಪನೆಯಿಂದ ಬರೆಯುತ್ತಾ ಹೋದೆ. ಪಕ್ಕದಲ್ಲಿ ಅವರು ಗಾಜಿನ ಮುಚ್ಚಳವನ್ನು ಅಂಗೈಯಿಂದ ಸವರುತ್ತಾ ಕೂತಿರುತ್ತಿದ್ದರು.

"ಈಗ ಏನು ಬರೀತಿದೀಯ?"

"ಹಿಂದಿನ ಎಡಗಾಲು ಸರ್."

"ತೊಡೇಲಿ ಒಂದು ಹಲ್ಲಿದೆ ನೋಡು, ಚೂಪಾಗಿ."

"ಇದೆ ಸರ್."

"ಯಾವ ಕಡೆ ಬಾಗಿದೆ?"

ಅಲ್ಲಿ ಕಾಲೇ ಇರಲಿಲ್ಲ. "ಒಳಗಡೆ ಸರ್" ಎಂದೆ.

"ಭೇಷ್" ಎಂದರು. ಅವರ ಬಾಯಿಂದ ನಾನು ಕೇಳಿದ ಒಂದೇ ಮೆಚ್ಚುಗೆ ಅದು. ಆ ದಿನ ಅವರು ತುಂಬ ಖುಷಿಯಾಗಿದ್ದರು. ಪುಸ್ತಕ ಅಚ್ಚಾದ ಮೇಲೆ ಹೊರದೇಶದವರೂ ಕೇಳಿ ತರಿಸಿಕೊಳ್ಳುತ್ತಾರೆ, ಈ ಪೆಟ್ಟಿಗೆ ನೋಡಲು ಇಲ್ಲಿಗೇ ಬರುತ್ತಾರೆ ಎಂದು ಮೆತ್ತಗೆ ಹೇಳುತ್ತಾ ಹೋದರು. ನಾನು ಹ್ಞೂಂಗುಟ್ಟುತ್ತಾ ಚುಕ್ಕಿ ಇಡುತ್ತಿದ್ದೆ. ಒಂದೊಂದು ಸಲ ಬೇಕೆಂದೇ ಒಂದು ರೋಮ, ಒಂದು ಗೀರು ಹೆಚ್ಚು ಹಾಕುತ್ತಿದ್ದೆ.

ಅಷ್ಟರಲ್ಲಿ ಆಪರೇಷನ್ನಿನ ಮಾತು ಮತ್ತೆ ಎದ್ದಿತು. ಎತ್ತಿದ್ದು ಅಮ್ಮನೇ. ದಿನಾ ಊಟಕ್ಕೆ ಬಡಿಸುವಾಗ ಹೇಳುತ್ತಿದ್ದರು. "ಏನೂ ನೋವಾಗಲ್ವಂತೆ ರೀ. ಈಗ ಸುಲಭ ಆಗ್ಬಿಟ್ಟಿದೆ. ಪುಸ್ತಕ ಅಚ್ಚಿಗೆ ಹೋಗೋ ಹೊತ್ತಿಗೆ ನೀವೇ ಕಣ್ಣಾರೆ ನೋಡ್ಬೇಕಲ್ವಾ?" ತಾವೇ ಆಸ್ಪತ್ರೆಗೆ ಹೋಗಿ ದಿನ ಗೊತ್ತು ಮಾಡಿಕೊಂಡು ಬಂದರು. ಅವರು ಮಗುವಿನ ಹಾಗೆ ಹೆಂಡತಿಯ ಕೈ ಹಿಡಿದುಕೊಂಡು, "ನೀನು ಅಲ್ಲೇ ಇರ್ತೀಯಲ್ಲ?" ಎಂದು ಕೇಳಿದ್ದನ್ನು ನಾನು ಕಂಡಿದ್ದೇನೆ. "ಇರ್ತೀನಿ" ಎಂದರು ಆಕೆ.

ನನಗೆ ಭಯ ಹತ್ತಿತು. ಅಡುಗೆಮನೆಯಲ್ಲಿ ಕೇಳಿದೆ. "ಅಮ್ಮ, ಕಣ್ಣು ಬಂದ್ರೆ ಪೆಟ್ಟಿಗೆ ನೋಡ್ಬಿಡ್ತಾರಲ್ಲ?"

"ನೋಡ್ಲಿ ಅಂತಾನೇ" ಎಂದರು.

ಆಪರೇಷನ್ ಆಯಿತು. ಹಸಿರು ಪಟ್ಟಿ, ಕಪ್ಪು ಕನ್ನಡಕ, ತಲೆಗೆ ನೀರು ಹಾಕದೆ ಕೆಲವು ವಾರ. ಗಂಟೆಗೊಂದು ಸಲ ಔಷಧದ ಹನಿ ಹಾಕಿ, ಹಾಲು ಕುಡಿಸಿ, ಆಕೆ ಅವರನ್ನು ತುಂಬ ಚೆನ್ನಾಗಿ ನೋಡಿಕೊಂಡರು. ದಪ್ಪ ಗಾಜಿನ ಕನ್ನಡಕ ಬಂದ ದಿನ ನನಗೂ ಬರಲು ಹೇಳಿ ಕಳಿಸಿದ್ದರು. ನಾನು ಹೋಗಬಾರದಿತ್ತು. ಹೋದೆ, ನೋಡಬೇಕೆನಿಸಿತ್ತು.

ಆಕೆಯೇ ಪೆಟ್ಟಿಗೆಯನ್ನು ತಂದು ಮೇಜಿನ ಮೇಲಿಟ್ಟು, ಸೆರಗಿನಿಂದ ಗಾಜು ಒರೆಸಿದರು. ಅವರು ಬಗ್ಗಿ ನೋಡಿದರು. ಸಾಲಾಗಿ ಸೂಜಿಗಳು ನಿಂತಿದ್ದವು. ಪ್ರತಿ ಸೂಜಿಗೂ ಚೀಟಿ ಇತ್ತು. ಹುಳುಗಳಿರಲಿಲ್ಲ. ಕೆಳಗೆ ಕಂದು ಪುಡಿ, ಅಲ್ಲಲ್ಲಿ ಒಂದು ಮೂತಿ ಕಡ್ಡಿ ಚೂರಿನ ಹಾಗೆ ಬಿದ್ದಿತ್ತು. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಮುಚ್ಚಳ ತೆಗೆದು ಒಂದು ಸೂಜಿಯನ್ನು ಬೆರಳಿನಿಂದ ಮುಟ್ಟಿದರು. ಆಮೇಲೆ ಇನ್ನೊಂದು ಪೆಟ್ಟಿಗೆ. ಇನ್ನೊಂದು. ಎಂಟನೆಯದಕ್ಕೆ ನಿಲ್ಲಿಸಿದರು.

ನನ್ನ ಕಡೆ ತಿರುಗಿದರು. "ಏನನ್ನ ನೋಡಿ ಬರೀತಿದ್ದೆ ನೀನು?"

"ನಾನೇ ಹೇಳ್ಬೇಡ ಅಂದಿದ್ದೆ" ಎಂದರು ಅಮ್ಮ.

"ಗುಳಿಗೆ?"

"ಸಿಗ್ಲಿಲ್ಲ."

"ಎಂಟನೇ ಕ್ರಾಸ್ ತುಂಬಾ ಅಂಗಡಿ ಇದೆ. ಸಿಗ್ಲಿಲ್ಲ ಅಂದ್ರೇನು?"

"ಅಂಡಮಾನಲ್ಲಿ ನಿಮ್ಗೆ ಕಾಗದ ಸಿಗ್ತಿರ್ಲಿಲ್ವಲ್ಲ, ಹಾಗೆ."

ಅವರು ಹುಬ್ಬು ಗಂಟಿಕ್ಕಿದರು. ಆ ದಪ್ಪ ಗಾಜಿನ ಹಿಂದೆ ಕಣ್ಣುಗಳು ಎಷ್ಟು ದೊಡ್ಡದಾಗಿ ಕಾಣುತ್ತಿದ್ದವೆಂದರೆ ಅವುಗಳಲ್ಲಿ ಏನನ್ನೂ ಬಚ್ಚಿಡುವುದು ಸಾಧ್ಯವಿರಲಿಲ್ಲ. "ಯಾವ ಕಾಗದ?" ಎಂದರು.

"ಮಗು ಜ್ವರದ ಕಾಗದ."

ಅವರು ಯೋಚಿಸಿದರು, ನಿಜವಾಗಿಯೂ ಯೋಚಿಸಿದರು. "ಮಗು ನೆನಪಿದೆ ಕಣೆ" ಎಂದರು. "ಕಾಗದದ್ದು ಏನು? ನಂಗೆ ನೆನಪಾಗ್ತಿಲ್ಲ."

ಅಮ್ಮ ಮೇಜಿನ ಅಂಚು ಹಿಡಿದುಕೊಂಡರು. ಮೂವತ್ತು ವರ್ಷ ಎದೆಯಲ್ಲಿ ಇಟ್ಟುಕೊಂಡದ್ದನ್ನು ಈಗ ಗಂಡನಿಗೆ ಮೊದಲಿಂದ ವಿವರಿಸಿ ಹೇಳಬೇಕಿತ್ತು. ಆಕೆ ಹೇಳಲಿಲ್ಲ.

ಅವರು ನನ್ನ ಚಿತ್ರಗಳನ್ನೆಲ್ಲ ತರಿಸಿ, ಭೂತಗನ್ನಡಿ ಹಿಡಿದು ಒಂದೊಂದಾಗಿ ನೋಡಿದರು. ಕಲ್ಪಿಸಿ ಬರೆದ ಮೊದಲನೆಯದನ್ನು ನೋಡಿದ ಕೂಡಲೇ ಹಿಡಿದರು. "ಈ ಹಲ್ಲು ಹೊರಗಡೆ ಬಾಗಿರತ್ತೆ" ಎಂದು ಹರಿದರು. ಒಳಗಡೆ ಎಂದದ್ದಕ್ಕೆ ಭೇಷ್ ಎಂದದ್ದು ಅವರಿಗೆ ನೆನಪಿದ್ದಂತಿರಲಿಲ್ಲ. ಮುಂದಿನದನ್ನೂ ಹರಿದರು. ಆಮೇಲೆ ಸರಿಯಾಗಿದ್ದವನ್ನೂ, ನಿಜವಾದ ಹುಳು ನೋಡಿ ಬರೆದ ಹನ್ನೊಂದು ಗೆಣ್ಣಿನವನ್ನೂ, ಉದ್ದಕ್ಕೆ ಅಡ್ಡಕ್ಕೆ ಹರಿದು ಗುಡ್ಡೆ ಹಾಕಿದರು. ದನಿ ಆಗಲೂ ಏರಲಿಲ್ಲ. "ನಾಳೆಯಿಂದ ಬರೋದು ಬೇಡ" ಎಂದರು. ಎರಡು ವರ್ಷದ ನನ್ನ ಕೆಲಸದಲ್ಲಿ ಒಂದು ಚೂರೂ ಉಳಿಯಲಿಲ್ಲ.

ನಾನು ಅಮ್ಮನ ಮುಖ ನೋಡಿದೆ. ನನ್ನ ಪರವಾಗಿ ಏನಾದರೂ ಹೇಳುತ್ತಾರೆ, ಬಾಗಿಲವರೆಗಾದರೂ ಬರುತ್ತಾರೆ ಅಂದುಕೊಂಡಿದ್ದೆ. ಆಕೆ ಪೊರಕೆ ತಂದು ಹರಿದ ಕಾಗದವನ್ನೂ ಚೆಲ್ಲಿದ ಪುಡಿಯನ್ನೂ ಒಟ್ಟಿಗೆ ಗುಡಿಸುತ್ತಿದ್ದರು. ತಲೆ ಎತ್ತದೆ, "ಬಾಗ್ಲು ಎಳ್ಕೊಂಡು ಹೋಗು" ಎಂದರು.

ಆಮೇಲೆ ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ನನಗೆ ಕೆಲಸ ಸಿಕ್ಕಿತು. ಶಾಲೆಯ ಗೈಡುಗಳಿಗೆ ಹೃದಯ, ಹೂವಿನ ಭಾಗ, ಕಪ್ಪೆಯ ಜೀರ್ಣಾಂಗ ಬರೆಯುವ ಕೆಲಸ. ಯಾರೂ ಎಣಿಸುತ್ತಿರಲಿಲ್ಲ. ಕೆಲವು ವರ್ಷ ಕಳೆದು ಒಂದು ಸಂಜೆ ಮಲ್ಲೇಶ್ವರದ ಮಾರ್ಕೆಟ್ಟಿನಲ್ಲಿ ಅವರಿಬ್ಬರನ್ನೂ ಕಂಡೆ. ಸರ್ ಎರಡು ಚೀಲ ಹಿಡಿದುಕೊಂಡು ಹಿಂದೆ ನಿಂತಿದ್ದರು. ಆಕೆ ಅವರು ಆರಿಸಿದ ಬದನೆಕಾಯಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ ವಾಪಸ್ಸು ಎಸೆಯುತ್ತಾ, "ಕಣ್ಣು ಬಂದು ಏನು ಬಂತು? ತೂತು ಕಾಣಲ್ವಾ? ಇನ್ನೊಂದ್ಸಲ ಆರ್ಸಿ" ಎಂದರು. ಅಂಗಡಿಯವನು ನಗುತ್ತಿದ್ದ. ಅವರು ಮತ್ತೆ ಬಗ್ಗಿ ಆರಿಸಲು ಶುರುಮಾಡಿದರು. ನಾನು ಪಕ್ಕದ ಸಾಲಿಗೆ ಸರಿದುಕೊಂಡೆ.

ಇಸವಿ ಎರಡು ಸಾವಿರ ದಾಟಿದ ಮೇಲೆ, ಒಂದು ಮಧ್ಯಾಹ್ನ ಅಮ್ಮ ಪ್ರೆಸ್ಸಿಗೆ ಹುಡುಕಿಕೊಂಡು ಬಂದರು. ಬಹಳ ಇಳಿದುಹೋಗಿದ್ದರು. ಹಣೆಯಲ್ಲಿ ಕುಂಕುಮವಿರಲಿಲ್ಲ. ಮೆಟ್ಟಿಲು ಹತ್ತಿ ಬಂದ ಏದುಸಿರು ಇಳಿಯುವವರೆಗೆ ಕೂತಿದ್ದು, ಪರ್ಸಿನಿಂದ ಒಂದು ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆದರು.

"ವರ್ಷದ ತಿಥಿ ಬರ್ತಿದೆ. ಹಾರ ಹಾಕೋಕೆ ಒಂದು ಒಳ್ಳೆ ಫೋಟೋ ಇಲ್ಲ. ಎಲ್ಲದ್ರಲ್ಲೂ ಕನ್ನಡಕ ಬೆಳ್ಳಗೆ ಹೊಳೀತಿದೆ, ಕಣ್ಣೇ ಕಾಣಲ್ಲ. ನೀನಾದ್ರೆ ದಿನಾ ನೋಡಿದೀಯಾ. ಒಂದು ಬರ್ದುಕೊಡ್ತೀಯಾ?"

ಫೋಟೋ ಕೈಗೆ ತೆಗೆದುಕೊಂಡೆ. ತುಟಿಯ ಆ ತೆಳು ಗೆರೆ ಹಾಗೇ ಇತ್ತು. ಬರೆಯಲು ನನಗೆ ಒಂದು ದಿನವೂ ಬೇಕಿರಲಿಲ್ಲ.

"ಕೈ ತುಂಬ ಕೆಲಸ ಇದೆಯಮ್ಮ" ಎಂದೆ. ಇರಲಿಲ್ಲ. ಆ ಹೊತ್ತಿಗಾಗಲೇ ಕಂಪ್ಯೂಟರ್ ಬಂದು ನನ್ನ ಮೇಜು ಖಾಲಿ ಬಿದ್ದಿತ್ತು, ಆಕೆಗೂ ಅದು ಕಾಣುತ್ತಿತ್ತು.

"ಹೌದಾ, ಸರಿ ಬಿಡು" ಎಂದು ಫೋಟೋ ವಾಪಸ್ಸು ತೆಗೆದುಕೊಂಡು ಎದ್ದರು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡು ಇಳಿದರು. ಕೈ ಹಿಡಿಯಲು ನಾನು ಏಳಲಿಲ್ಲ. ಕಿಟಕಿಯಿಂದ ನೋಡಿದೆ. ಬಸ್ ಸ್ಟಾಪಿನಲ್ಲಿ ತುಂಬ ಹೊತ್ತು ನಿಂತಿದ್ದು, ಮಲ್ಲೇಶ್ವರದ ಬಸ್ಸು ಬಂದಾಗ ಹತ್ತಿಕೊಂಡು ಹೋದರು.